ಅವಧಿಗೆ ಮುಂಚೆ ಹುಟ್ಟಿ ಆಕ್ಸಿಜನ್‌ನಲ್ಲಿದ್ದ ಮಗು, ಈಗ ಶೀತ ಆಗಿ ಒಂದು ಕಣ್ಣು ಊದಿದೆ, ಆಕ್ಸಿಜನ್ನೇ ಕಾರಣನಾ?

ಮೊದ್ಲು ಮಗೂನ ಎತ್ಕೊಂಡು ಆಸ್ಪತ್ರೆಗೆ ಹೊರಡಿ, ಇದನ್ನ ದಾರೀಲಿ ಓದಿ. 5 ತಿಂಗಳ ಕೂಸು, ವಾರದಿಂದ ಶೀತ, ಈಗ ಜ್ವರ ಬಂದು ಒಂದೇ ಕಣ್ಣು ಕೆಂಪಗೆ ಊದಿದೆ ಅಂದ್ರೆ ಬೆಳಗಾಗ್ಲಿ ನೋಡೋಣ ಅನ್ನೋ ವಿಷಯ ಅಲ್ಲ.

ನಾನು ಎನ್‌ಐಸಿಯುನಲ್ಲಿ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಸ್ಟಾಫ್ ನರ್ಸ್. 31 ವಾರಕ್ಕೆ ಹುಟ್ಟಿದಾಗ ಕೊಟ್ಟ ಆಕ್ಸಿಜನ್‌ಗೂ ಈ ಊತಕ್ಕೂ ಸಂಬಂಧ ಇಲ್ಲ. ಶೀತದ ಸೋಂಕು ಸೈನಸ್‌ಗೆ, ಅಂದ್ರೆ ಮೂಗಿನ ಸುತ್ತಲಿನ ಮೂಳೆಯೊಳಗಿನ ಗಾಳಿ ಗೂಡಿಗೆ, ಇಳಿದು ಹೀಗಾಗಿರಬಹುದು. ಹಸುಗೂಸಿಗೆ ಎಲ್ಲಿಂದ ಬಂತು ಸೈನಸ್ ಅಂತಾರೆ ಜನ, ಹಣೆ ಒಳಗಿನ ಸೈನಸ್ ಇನ್ನೂ ಬೆಳ್ದಿರಲ್ಲ ನಿಜ, ಆದ್ರೆ ಎರಡು ಕಣ್ಣಿನ ಮಧ್ಯೆ ಇರೋ ಎಥ್ಮಾಯ್ಡ್ ಸೈನಸ್ ಹುಟ್ಟುವಾಗ್ಲೇ ಇರುತ್ತೆ, ಅದಕ್ಕೂ ಕಣ್ಣಿನ ಗೂಡಿಗೂ ನಡುವೆ ಇರೋದು ಕಾಗದದಷ್ಟು ತೆಳು ಮೂಳೆ, ಅಪರೂಪಕ್ಕೆ ಸೋಂಕು ಅದನ್ನ ದಾಟಿ ಕಣ್ಣಿನ ಹಿಂದಕ್ಕೆ ಹೋಗುತ್ತೆ, ಆರ್ಬಿಟಲ್ ಸೆಲ್ಯುಲೈಟಿಸ್ ಅಂತಾರೆ. ಗುಡ್ಡೆ ಮುಂದೆ ಬಂದಂಗಿದ್ರೆ, ಆ ಕಣ್ಣು ಆಚೆ ಈಚೆ ತಿರುಗದೇ ಇದ್ರೆ, ಮಗು ಹಾಲು ಬಿಟ್ಟು ಮಂಕಾಗಿದ್ರೆ ಹೋದ ತಕ್ಷಣ ಡಾಕ್ಟ್ರಿಗೆ ಅದನ್ನೇ ಮೊದ್ಲು ಹೇಳಿ. ಕೀವು ಕಟ್ಟಿ ಕಣ್ಣಿನ ನರ ಒತ್ತಿದ್ರೆ ದೃಷ್ಟಿನೇ ಹೋಗಬಹುದು, ಮಿದುಳಿಗೂ ಹರಡಬಹುದು. ಸಾಮಾನ್ಯವಾಗಿ ಅಡ್ಮಿಟ್ ಮಾಡ್ಕೊಂಡು ರಕ್ತನಾಳಕ್ಕೆ ಆಂಟಿಬಯೋಟಿಕ್ ಹಾಕ್ತಾರೆ, ಬೇಕಿದ್ರೆ ಸಿಟಿ ಸ್ಕ್ಯಾನ್ ಮಾಡಿಸ್ತಾರೆ. ಬೇಗ ಹೋದ್ರೆ ಹೆಚ್ಚಿನ ಮಕ್ಕಳು ಪೂರ್ತಿ ಹುಷಾರಾಗ್ತಾರೆ. ಕಣ್ಣಿಗೆ ಎದೆಹಾಲು, ಹರಳೆಣ್ಣೆ ಬಿಡೋದು ದಯವಿಟ್ಟು ಬೇಡ.

ಆಕ್ಸಿಜನ್‌ನಿಂದ ಬರಬಹುದಾದ್ದು ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಅನ್ನೋ ಕಣ್ಣಿನ ಕಾಯಿಲೆ, ಅದೇ ಬೇರೆ. ತಿಂಗಳು ತುಂಬದ ಮಗೂಗೆ ರೆಟಿನಾದ, ಅಂದ್ರೆ ಕಣ್ಣಿನೊಳಗಿನ ಹಿಂಪರದೆಯ, ರಕ್ತನಾಳ ಇನ್ನೂ ಪೂರ್ತಿ ಬೆಳ್ದಿರಲ್ಲ, ಆಕ್ಸಿಜನ್ ಜಾಸ್ತಿಯಾದ್ರೆ ಅವು ಅಡ್ಡಾದಿಡ್ಡಿ ಬೆಳೀತವೆ, ಅದಕ್ಕೇ ನಾವು ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, ಶೇಕಡ 90–95ರ ಆಸುಪಾಸಲ್ಲೇ ಇಟ್ಕೊಳ್ಳೋಕೆ ಅಷ್ಟು ಒದ್ದಾಡೋದು. ಇದು ಹೊರಗಿಂದ ಕಾಣೋದೇ ಇಲ್ಲ, ಊತ ಇಲ್ಲ, ಕೆಂಪಿಲ್ಲ, ನೋವಿಲ್ಲ, ನನಗೆ ಭಯ ಆಗೋದೇ ಇದಕ್ಕೆ. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮುಂಚೆ ಅಥವಾ 2 ಕೆಜಿಗಿಂತ ಕಮ್ಮಿ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗ್ಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್‌ರಾಪ್ ಅಂತ ಮಾಡಿ ಹಳ್ಳಿ ಕಡೆ ಆಸ್ಪತ್ರೆಗಳಿಗೂ ಕ್ಯಾಮೆರಾ ತಗೊಂಡು ಹೋಗಿ ಈ ಪರೀಕ್ಷೆ ಮಾಡ್ತಿದಾರೆ, ಎಂಥಾ ಒಳ್ಳೇ ಕೆಲಸ ಅದು. ನಿಮ್ಮ ಡಿಸ್ಚಾರ್ಜ್ ಸಮ್ಮರಿ ಜೊತೆಗೆ ತಗೊಂಡು ಹೋಗಿ, ಅದ್ರಲ್ಲಿ ಆರ್‌ಒಪಿ ಸ್ಕ್ರೀನಿಂಗ್ ಬರ್ದಿಲ್ಲ ಅಂದ್ರೆ ಈ ಸೋಂಕು ಇಳಿದ ಕೂಡ್ಲೇ ರೆಟಿನಾ ಡಾಕ್ಟ್ರಿಗೆ ತೋರ್ಸಿ.

ಇನ್ನೊಂದು, ಈಗ ಅಲ್ಲಿ ಆಕ್ಸಿಜನ್ ಹಾಕ್ಬೇಕು ಅಂದ್ರೆ ಹೆದರಿ ಬೇಡ ಅನ್ಬೇಡಿ, ಈ ವಯಸ್ಸಿಗೆ ಸಾಮಾನ್ಯವಾಗಿ ರೆಟಿನಾದ ರಕ್ತನಾಳ ಬೆಳೆದು ಮುಗಿದಿರುತ್ತೆ.