ಬೆತ್ ಸಾವನ್ನು ರಂಗದ ಮೇಲೆ ತೋರಿಸಲೇಬೇಕೇ?

ನಮಸ್ಕಾರ. ಕಾಲೇಜು ಹುಡುಗಿಯರಿಂದ ನಾಲ್ವರು ಅಕ್ಕತಂಗಿಯರ ಕಥೆಯಾದ 'ಲಿಟಲ್ ವಿಮೆನ್' ಕಾದಂಬರಿಯನ್ನು ನಾಟಕವಾಗಿ ಆಡಿಸಬೇಕು, ಆದರೆ ಅವರಲ್ಲಿ ಒಬ್ಬಳಾದ ಬೆತ್ ಸಾಯುವ ದೃಶ್ಯ ಅಳುಬುರುಕ ಆಗಿಬಿಡುತ್ತದೆ ಎಂಬ ಭಯ ಅಂದಿರಲ್ಲ, ಆ ಭಯ ಸರಿಯಾದದ್ದೇ.

ಇದೇ ಕಥೆಯ ಮೇಲೆ 2005ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ ರಂಗಕೇಂದ್ರ ಬ್ರಾಡ್‌ವೇಯಲ್ಲಿ ಬಂದ ಸಂಗೀತ ನಾಟಕವನ್ನು ಒಮ್ಮೆ ಗಮನಿಸಿ. ಅಲ್ಲಿ ಹಾಸಿಗೆ, ಔಷಧಿ ಬಾಟಲಿ, ಕೊನೆಯುಸಿರು ಯಾವುದಕ್ಕೂ ಒತ್ತಿಲ್ಲ. ಕಡಲ ದಂಡೆಯಲ್ಲಿ ಅಕ್ಕ ಜೋ, ತಂಗಿ ಬೆತ್ ಇಬ್ಬರೂ ಗಾಳಿಪಟ ಹಾರಿಸುತ್ತಾ ಹಾಡುತ್ತಾರೆ, ಅಷ್ಟೇ. ತಾನು ಉಳಿಯುವುದಿಲ್ಲ ಎಂದು ಬೆತ್‌ಗೆ ಗೊತ್ತು. ಜೋ ಮಾತ್ರ ಒಪ್ಪಲೊಲ್ಲಳು. ಆಮೇಲೆ ಬೆತ್ ಇಲ್ಲದ ಮನೆಯಲ್ಲಿ ತಾಯಿ ಮಾರ್ಮೀ ಹಾಡುವಾಗ ಆ ದುಃಖ ನಮಗೆ ಪೂರ್ತಿ ತಟ್ಟುತ್ತದೆ. ಕಾದಂಬರಿಯಲ್ಲಿ ಕಡಲ ತೀರದ ಮಾತುಕತೆಗೂ ಸಾವಿಗೂ ನಡುವೆ ಹಲವು ತಿಂಗಳುಗಳಿವೆ. ರಂಗ ಅದನ್ನು ಒಂದೇ ಹಾಡಿಗೆ ಇಳಿಸಿದೆ. ನನಗಂತೂ ಇದು ಬಹಳ ಒಳ್ಳೆಯ ನಿರ್ಧಾರ ಅನ್ನಿಸುತ್ತದೆ.

ಆದರೆ ಆ ನಾಟಕವನ್ನು ಆಡಲು ಹಕ್ಕುದಾರರ ಅನುಮತಿ ಬೇಕು, ಶುಲ್ಕವೂ ಇರುತ್ತದೆ. ಲೂಯಿಸಾ ಮೇ ಆಲ್ಕಾಟ್ ಅವರ ಮೂಲ ಕಾದಂಬರಿ 1868-69ರದ್ದು, ಹಕ್ಕಿನ ತೊಡಕಿಲ್ಲ. ಅದರಿಂದಲೇ ನೇರವಾಗಿ ಕನ್ನಡಕ್ಕೆ ತನ್ನಿ. 1912ರಲ್ಲಿ ಮೇರಿಯನ್ ಡಿ ಫಾರೆಸ್ಟ್ ಬ್ರಾಡ್‌ವೇಗೆ ಬರೆದ ನಾಟಕವನ್ನೂ ಓದಿಕೊಳ್ಳಿ, ಮಾತಿನಲ್ಲೇ ಕಥೆ ನಡೆಸುವ ಕ್ರಮ ಕಲಿಯಲು ಸಿಗುತ್ತದೆ.

ಬೆತ್ ಪ್ರೀತಿಯಿಂದ ನುಡಿಸುವ ಪಿಯಾನೋ ಮಾತ್ರ ಬಿಡಬೇಡಿ. ಮೊದಲ ದೃಶ್ಯದಿಂದ ವೇದಿಕೆಯ ಮೂಲೆಯಲ್ಲಿ ಇರಲಿ. ಅವಳು ಹೋದ ಮೇಲೆ ಜೋ ಅದರ ಮುಚ್ಚಳ ಮೆಲ್ಲಗೆ ಮುಚ್ಚಲಿ. ಮಾತು ಬೇಡ.