ಓದುಗರ ಪ್ರಶ್ನೆ: ಮೇಷ್ಟ್ರೂ ಅಲ್ಲ, ಗುಮಾಸ್ತೆಯೂ ಅಲ್ಲ

ಪ್ರಶ್ನೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಹೊರಜಿಲ್ಲೆಯ ಖಾಸಗಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ಆರು ವರ್ಷಗಳಿಂದ ಇದ್ದೇನೆ. ಹೊಸಬರ ಸ್ವಾಗತದಿಂದ ಹಿಡಿದು ಹಾಸ್ಟೆಲಿನ ಜಗಳದವರೆಗೆ ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಮನೆಯವರು ‘ನೀನು ಮೇಷ್ಟ್ರೂ ಅಲ್ಲ, ಗುಮಾಸ್ತೆಯೂ ಅಲ್ಲ’ ಎನ್ನುತ್ತಾರೆ. ಕಾರವಾರದ ಕಡೆ ಇಂಥದೇ ಕೆಲಸ ಸಿಕ್ಕೀತೇ? ಇದರಲ್ಲಿ ಮೇಲೇರುವ ದಾರಿ ಇದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮನೆಯವರ ಮಾತು ಕಹಿಯಾದರೂ ಸುಳ್ಳಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕಲ್ಯಾಣವೆಂಬುದು ಸಾಮಾನ್ಯವಾಗಿ ಪ್ರಾಧ್ಯಾಪಕರೊಬ್ಬರಿಗೆ ವಹಿಸುವ ಹೆಚ್ಚುವರಿ ಪ್ರಭಾರ. ಕಾಲೇಜಿನ ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿಯೂ ಬೋಧಕರೇ. ಕಾರವಾರದ ಕೋಡಿಬಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಜಿಲ್ಲೆಯಲ್ಲಿ ಪದವಿ ಕಾಲೇಜುಗಳೂ ಸಾಕಷ್ಟಿವೆ; ಆದರೆ ನಿಮ್ಮ ಈಗಿನ ಹುದ್ದೆಯ ಹೆಸರಿನಲ್ಲೇ ಅಲ್ಲಿ ಜಾಗ ತೆರೆಯಲಿ ಎಂದು ಕಾಯುವುದು ಮಳೆಗಾಲದಲ್ಲಿ ಹಪ್ಪಳ ಒಣಗಿಸಲು ಕೂತಂತೆ. ಊರಿಗೆ ಮರಳುವುದೇ ಮುಖ್ಯವಾದರೆ ಸಮಾಜಕಾರ್ಯ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ ಎಂಬ ಬೋಧಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬೋಧಕಿಯಾಗಿ ಬನ್ನಿ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ನೆಟ್‌ನಲ್ಲಿ ವಯೋಮಿತಿಯಿಲ್ಲ. ಬೋಧಕರಾದ ಮೇಲೆ ಈ ಪ್ರಭಾರ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ, ಏಕೆಂದರೆ ಅದನ್ನು ಮನಸಾರೆ ಬಯಸುವ ಅಧ್ಯಾಪಕರು ಕಡಿಮೆ.

ಈಗಿರುವಲ್ಲೇ ಮೇಲೇರಬೇಕೆಂದರೆ ಲೆಕ್ಕ ಬೇರೆ. ನಿಮ್ಮ ಕೆಲಸದ ದೊಡ್ಡ ತೊಡಕೆಂದರೆ ಅದು ಚೆನ್ನಾಗಿ ಆದಾಗ ಏನೂ ಆಗಿಲ್ಲವೆಂದೇ ಕಾಣುತ್ತದೆ. ಜಗಳ ಠಾಣೆಗೆ ಹೋಗಲಿಲ್ಲ, ಹುಡುಗಿ ಓದು ಬಿಡಲಿಲ್ಲ – ಇವು ಯಾವ ವಾರ್ಷಿಕ ವರದಿಯಲ್ಲಿಯೂ ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಂಥ ದಿನಗಳಲ್ಲಿ ಹಾಜರಾತಿ ಪುಸ್ತಕಕ್ಕೆ ಗೊತ್ತಾಗುವುದು ‘ಗೈರು’ ಎಂಬುದಷ್ಟೇ. ಆ ಗೈರಿನ ಹಿಂದೆ ಬಸ್ಸಿಲ್ಲದ ಊರಿದೆ ಎಂಬುದನ್ನು ವಿಭಾಗಕ್ಕೆ ಬರೆದು ತಿಳಿಸಿ, ಹಾಜರಾತಿ ಕೊರತೆ ಪರೀಕ್ಷೆಯ ಬಾಗಿಲಿಗೆ ಬರುವ ಮೊದಲೇ ದಾರಿ ಮಾಡುವುದು ನಿಮ್ಮಂಥವರ ಕೆಲಸ. ಘಟ್ಟದ ಮೇಲಿನ ಮಳೆಯನ್ನು ಬಲ್ಲ ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಆದ್ದರಿಂದ ಕೆಲಸವನ್ನು ನಿಯಮದ ಭಾಷೆಯಲ್ಲಿ ದಾಖಲಿಸುವ ರೂಢಿ ಬೆಳೆಸಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯನ್ನೂ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿಯನ್ನೂ ಮೂಲದಲ್ಲೇ ಓದಿ. ಎರಡನೆಯದರ ಪ್ರಕಾರ ಕುಂದುಕೊರತೆ ನಿವಾರಣಾ ಸಮಿತಿಯು ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದಕ್ಕೆ ಒಪ್ಪದ ವಿದ್ಯಾರ್ಥಿ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿಗೆ ಹೋಗಬಹುದು. ದೂರು ಎಂದು ಬಂತು, ಎಷ್ಟು ದಿನದಲ್ಲಿ ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿತು ಎಂಬ ಲೆಕ್ಕ, ಮಕ್ಕಳ ಹೆಸರನ್ನು ಬಿಟ್ಟು, ನಿಮ್ಮ ಬಳಿ ಇರಲಿ. ಸಂದರ್ಶನದಲ್ಲಿ ‘ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೆ’ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಏನು ನೋಡಿಕೊಂಡರೆಂದು ಸಂದರ್ಶನ ಸಮಿತಿಗೆ ಕೊನೆಗೂ ತಿಳಿಯುವುದಿಲ್ಲ. ಆಪ್ತ ಸಮಾಲೋಚನೆಯಲ್ಲಿ ಡಿಪ್ಲೊಮಾ ಮಾಡುವುದು ಒಳ್ಳೆಯದೇ, ಆದರೆ ನಿಯಮ ಬಲ್ಲವರ ಕೊರತೆ ಅದಕ್ಕಿಂತ ಹೆಚ್ಚು ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ನಾನು ಹಾಸ್ಟೆಲ್ ವಾರ್ಡನ್. ಮನಸ್ಸು ಕುಗ್ಗಿದ ಹುಡುಗರು ನಡುರಾತ್ರಿ ಬಾಗಿಲು ತಟ್ಟುತ್ತಾರೆ. ಏನು ಹೇಳಬೇಕೋ ತೋಚುವುದಿಲ್ಲ.
– ಓದುಗರೊಬ್ಬರು, ಕುಮಟಾ

ಉತ್ತರ: ಉಪದೇಶ ಬೇಡ, ಕೂರಿಸಿ, ನೀರು ಕೊಟ್ಟು, ಅವರ ಮಾತು ಮುಗಿಯುವವರೆಗೆ ಕೇಳಿ. ಬಳಿಕ ಅವರ ಎದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ದಿನದ 24 ಗಂಟೆಯೂ ಇರುವ ಉಚಿತ ಸೇವೆ, ಕನ್ನಡದಲ್ಲಿಯೂ ಮಾತನಾಡಬಹುದು. ಜೀವಕ್ಕೆ ಅಪಾಯವಿದೆ ಎನಿಸಿದರೆ ಆ ರಾತ್ರಿ ಹುಡುಗನನ್ನು ಒಂಟಿಯಾಗಿ ಕೋಣೆಗೆ ಕಳಿಸಬೇಡಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.