47ಕ್ಕೆ 38 ಕೂಡಿದರೆ 715 ಏಕೆ ಬರುತ್ತದೆ?

ಪ್ರಶ್ನೆ: ಮಗಳು ಮೂರನೇ ತರಗತಿ. 47 + 38 ಕೊಟ್ಟರೆ 715 ಎಂದು ಬರೆಯುತ್ತಾಳೆ. ‘ದಶಕ ಮೇಲೆ ಬರೆದುಕೋ’ ಎಂದು ಎಷ್ಟು ಸಲ ಹೇಳಿದರೂ ಮರೆಯುತ್ತಾಳೆ. ಬೇರೆ ದಾರಿ ಹೇಳಿಕೊಟ್ಟರೆ ಶಾಲೆಯ ಲೆಕ್ಕಕ್ಕೆ ತೊಡಕಾಗುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮಗಳಿಗೆ ಕೂಡಲು ಬರುತ್ತದೆ. 7ಕ್ಕೆ 8 ಸೇರಿ 15, 4ಕ್ಕೆ 3 ಸೇರಿ 7, ಎರಡೂ ಸರಿ. ಆ 4 ಮತ್ತು 3 ಬಿಡಿಗಳಲ್ಲ, ಹತ್ತುಗಳು ಎಂಬುದು ಮನಸ್ಸಿಗೆ ಇಳಿದಿಲ್ಲ. ಅದು ಇಳಿಯದೆ ದಶಕ ಬರೆಯುವ ನಿಯಮವನ್ನಷ್ಟೇ ಉರು ಹೊಡೆಸಿದರೆ ಮರೆತೇ ಮರೆಯುತ್ತಾಳೆ.

ಮೊದಲು ಪೆನ್ಸಿಲ್ ಬದಿಗಿಡಿ. ನಿಮ್ಮ ಕಡೆ ತೆಂಗಿನ ಗರಿಕಡ್ಡಿಗೆ ಬರವಿಲ್ಲ. ಬೆರಳುದ್ದದ ನೂರು ತುಂಡು ಮಾಡಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಕಟ್ಟುವ ಕೆಲಸ ಮಗುವೇ ಮಾಡಲಿ. 4 ಕಟ್ಟು 7 ಬಿಡಿ, 3 ಕಟ್ಟು 8 ಬಿಡಿ ಒಟ್ಟಿಗೆ ಸೇರಿಸಿದಾಗ 15 ಬಿಡಿಗಳಲ್ಲಿ ಇನ್ನೊಂದು ಕಟ್ಟು ಆಗುತ್ತದೆ: 8 ಕಟ್ಟು, 5 ಬಿಡಿ. ಅವಳು ಮರೆಯುತ್ತಿದ್ದ ದಶಕ ಎಂದರೆ ಆ ಹೊಸ ಕಟ್ಟೇ.

ಇದು ಗಟ್ಟಿಯಾದ ಮೇಲೆ ಹತ್ತುಗಳಿಂದ ಶುರುಮಾಡಿಸಿ: 40 + 30 = 70, 7 + 8 = 15, 70 + 15 = 85. ನಲವತ್ತೇಳು ಎನ್ನುವಾಗ ಬಾಯಲ್ಲಿ ಮೊದಲು ಬರುವುದೂ ನಲವತ್ತೇ, ಹಾಗಾಗಿ ಮಕ್ಕಳಿಗೆ ಇದು ಸಲೀಸು. ಕೆಲವರು 70, 15 ಅಕ್ಕಪಕ್ಕ ಬರೆದು 7015 ಮಾಡಿಬಿಡುತ್ತಾರೆ. ಒಂದರ ಕೆಳಗೊಂದು ಬರೆಸಿ, ‘ಎಪ್ಪತ್ತಕ್ಕೆ ಹದಿನೈದು’ ಎಂದು ಬಾಯಿಬಿಟ್ಟು ಹೇಳಿಸಿ.

ಎರಡನೆಯದು ಗೆರೆಯ ಮೇಲೆ ಜಿಗಿಯುವುದು. ಅಂಕಿ ಗುರುತುಗಳಿಲ್ಲದ ಗೆರೆ ಎಳೆದು ಎಡತುದಿಗೆ 47 ಬರೆಯಿರಿ. 30 ಜಿಗಿದರೆ 77, 3 ಜಿಗಿದರೆ 80, ಇನ್ನು 5 ಜಿಗಿದರೆ 85. ಪ್ರತಿ ಜಿಗಿತದ ಅಳತೆಯನ್ನು ಗೆರೆಯ ಮೇಲೆಯೇ ಬರೆಸದಿದ್ದರೆ 38ರಲ್ಲಿ ಎಷ್ಟು ಮುಗಿಯಿತು ಎಂಬುದೇ ತಪ್ಪಿಹೋಗುತ್ತದೆ. ಉತ್ತರ 84 ಬಂದರೆ, ಒಂದೊಂದಾಗಿ ಎಣಿಸುವಾಗ ನಿಂತ ಜಾಗವನ್ನೂ ಒಂದು ಎಂದು ಲೆಕ್ಕ ಹಿಡಿದಿರುವ ಸಾಧ್ಯತೆ ಹೆಚ್ಚು.

ಮೂರನೆಯದು ಹತ್ತಿರದ ಹತ್ತಕ್ಕೆ ಏರಿಸುವುದು: 38ನ್ನು 40 ಎಂದುಕೊಂಡರೆ 87, ಹೆಚ್ಚು ಸೇರಿಸಿದ 2 ಕಳೆದರೆ 85. ಮಕ್ಕಳು ಎಡವುವುದು ಕೊನೆಯಲ್ಲಿ, ಕಳೆಯುವ ಬದಲು ಇನ್ನೂ 2 ಕೂಡಿ 89 ಮಾಡುತ್ತಾರೆ. ಹಾಗಾದರೆ ಕಡ್ಡಿಗಳಿಗೇ ಮರಳಿ. 47ರ ಗುಂಪಿನಿಂದ 2 ಕಡ್ಡಿ ತೆಗೆದು 38ರ ಗುಂಪಿಗೆ ಹಾಕಿದರೆ 45 ಮತ್ತು 40. ಒಟ್ಟು ಕಡ್ಡಿ ಅಷ್ಟೇ ಇರುವುದು ಕಣ್ಣಿಗೇ ಕಾಣುತ್ತದೆ. 8, 9ರಲ್ಲಿ ಮುಗಿಯುವ ಸಂಖ್ಯೆಗಳಿಗೆ ಇದು ಹೇಳಿಮಾಡಿಸಿದ್ದು. 43 + 34ಕ್ಕೆ ಬೇಕಿಲ್ಲ.

ಮೂರನ್ನೂ ಒಂದೇ ವಾರದಲ್ಲಿ ತುರುಕಬೇಡಿ. ಒಂದು ಕೈಗೆ ಹತ್ತಿದ ಮೇಲೆ ಇನ್ನೊಂದು. ಯಾವುದೇ ಲೆಕ್ಕಕ್ಕೂ ಮುಂಚೆ ಅಂದಾಜು ಕೇಳಿ: 47 ಐವತ್ತಕ್ಕಿಂತ ಕಡಿಮೆ, 38 ನಲವತ್ತಕ್ಕಿಂತ ಕಡಿಮೆ, ಹಾಗಿದ್ದರೆ ಉತ್ತರ 90 ದಾಟೀತೇ? ಈ ಅಭ್ಯಾಸವಾದರೆ 715 ಬಂದಾಗ ಅವಳೇ ಅನುಮಾನಪಡುತ್ತಾಳೆ.

ಶಾಲೆಯ ಲೆಕ್ಕಕ್ಕೆ ತೊಡಕೇನೂ ಇಲ್ಲ. ಪರೀಕ್ಷೆಯಲ್ಲಿ ಕಂಬಸಾಲಿನಲ್ಲೇ ಬರೆಯಲಿ, ತಾಳೆ ನೋಡಲು ಇವುಗಳಲ್ಲಿ ಒಂದು ಸಾಕು. ಮೂರಂಕಿಗೂ ಇದೇ ದಾರಿ: 268 + 175 ಎಂದರೆ 300, 130, 13, ಒಟ್ಟು 443.

ಪ್ರಶ್ನೆ: ಎರಡನೇ ತರಗತಿಯ ಮೊಮ್ಮಗ 8 + 5ಕ್ಕೂ ಒಂದರಿಂದ ಬೆರಳು ಮಡಚುತ್ತಾನೆ. ಬಿಡಿಸುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬೆರಳು ಬಿಡಿಸಬೇಡಿ, ಎಣಿಕೆ ಶುರುವಾಗುವ ಜಾಗ ಬದಲಿಸಿ. 8 ಮನಸ್ಸಿನಲ್ಲಿಟ್ಟುಕೊಂಡು ಐದೇ ಬೆರಳು ಮಡಚಲಿ: 9, 10, 11, 12, 13. ಜೊತೆಗೆ ಹತ್ತಾಗುವ ಜೋಡಿಗಳನ್ನು (9–1, 8–2, 7–3, 6–4, 5–5) ದಿನಕ್ಕೆ ಐದು ನಿಮಿಷ ಬಾಯಲ್ಲೇ ಕೇಳಿ. ಅವು ತಟ್ಟನೆ ಬರತೊಡಗಿದಾಗ 8ಕ್ಕೆ 2 ಕೊಟ್ಟು 10, ಉಳಿದ 3 ಸೇರಿಸಿ 13 ಎನ್ನುವುದನ್ನು ತೋರಿಸಿ. ಆಮೇಲೆ 28 + 5, 58 + 5 ಕೊಡಿ.